ಹಗ್ಗ ಹರಿದದ್ದು ಯಾರ ತಪ್ಪು?

ಹತ್ತು ವರ್ಷದ ಒಬ್ಬ ಹುಡುಗ ತನ್ನ ಸಂಗೀತದ ಟೀಚರ್ ಕರೆದರೆಂದು ಒಂದು ದಿನದ ಮಟ್ಟಿಗೆ ಪಟ್ಟಣಕ್ಕೆ ಹೋಗಿ ಚಿತ್ರಗಳನ್ನು ನೋಡಿ ಬರುತ್ತಾನೆ. ಅವನು ಮಾಡಿದ್ದು ಇಷ್ಟೇ. ಮನೆಗೆ ಹಿಂದಿರುಗುವ ಹೊತ್ತಿಗೆ ಅವನ ಜೀವದ ಗೆಳತಿ ಹಳ್ಳದಲ್ಲಿ ಬಿದ್ದು ಸತ್ತಿರುತ್ತಾಳೆ. ಅವನು ಊರಲ್ಲೇ ಇದ್ದಿದ್ದರೆ? ಅವಳನ್ನೂ ಜೊತೆಗೆ ಕರೆದೊಯ್ದಿದ್ದರೆ? ಈ ಎರಡು ಪ್ರಶ್ನೆಗಳ ಸುತ್ತ ಹೆಣೆದ ಒಂದು ಸಣ್ಣ ಕಾದಂಬರಿಯನ್ನು ನಮ್ಮ ಪುಸ್ತಕ ಮಾತುಕತೆಗೆ ಆರಿಸಿಕೊಂಡಾಗ, ಸಾವಿನ ವಿಷಯ ಮಕ್ಕಳಿಗೇಕೆ ಎಂದು ಕೇಳಿದವರಿದ್ದರು. ಆ ಪ್ರಶ್ನೆಯೂ ಉತ್ತರ ಪಡೆಯಬೇಕಾದದ್ದೇ. ಆದರೆ ಮೊದಲು ಪುಸ್ತಕದ ಪರಿಚಯ ಆಗಲಿ.

ಪುಸ್ತಕದ ಹೆಸರು 'ಬ್ರಿಜ್ ಟು ಟೆರಬಿಥಿಯ', ಅಂದರೆ ಟೆರಬಿಥಿಯಕ್ಕೊಂದು ಸೇತುವೆ. ಬರೆದವರು ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್. ಅವರು ಹುಟ್ಟಿದ್ದು 1932ರಲ್ಲಿ, ಚೀನಾ ದೇಶದಲ್ಲಿ, ಮಿಷನರಿ ದಂಪತಿಗಳ ಮಗಳಾಗಿ. ಕಾದಂಬರಿ ಪ್ರಕಟವಾದದ್ದು 1977ರಲ್ಲಿ. ಮರುವರ್ಷವೇ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ಅತಿ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಹದಿಮೂರೇ ಅಧ್ಯಾಯಗಳ ಪುಸ್ತಕ. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಮುಗಿಸಿದ ಮೇಲೆ ಬಹಳ ದಿನ ಜೊತೆಯಲ್ಲೇ ಇರುತ್ತದೆ.

ಕಥೆ ನಡೆಯುವುದು ವರ್ಜೀನಿಯ ರಾಜ್ಯದ ಲಾರ್ಕ್ ಕ್ರೀಕ್ ಎಂಬ ಕಲ್ಪಿತ ಹಳ್ಳಿಯಲ್ಲಿ. ಜೆಸ್ ಆರನ್ಸ್ ಐದನೆಯ ತರಗತಿಯ ಹುಡುಗ. ಇಬ್ಬರು ಅಕ್ಕಂದಿರು, ಇಬ್ಬರು ತಂಗಿಯರು, ನಡುವೆ ಇವನೊಬ್ಬನೇ ಗಂಡು. ಅಪ್ಪ ಹೊತ್ತು ಮೂಡುವ ಮೊದಲೇ ಹಳೆಯ ಟ್ರಕ್ಕಿನಲ್ಲಿ ವಾಷಿಂಗ್ಟನ್ನಿಗೆ ದುಡಿಯಲು ಹೋದರೆ ರಾತ್ರಿಯೇ ಬರುವುದು. ಹಸುವಿನ ಹಾಲು ಕರೆಯುವುದು ಜೆಸ್‌ನ ಪಾಲಿನ ಕೆಲಸ. ಅವನಿಗೆ ಚಿತ್ರ ಬರೆಯುವ ಹುಚ್ಚು, ಆದರೆ ಗಂಡುಹುಡುಗನಿಗೆ ಅದೆಂಥ ಚಟ ಎಂದು ಅಪ್ಪನಿಗೆ ಅಸಮಾಧಾನ. ಶಾಲೆಯಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವನು ತಾನಾಗಬೇಕೆಂದು ಬೇಸಿಗೆಯಿಡೀ ಓಟದ ಅಭ್ಯಾಸ ಮಾಡುತ್ತಾನೆ. ಶಾಲೆ ಶುರುವಾದ ದಿನ ಓಟದಲ್ಲಿ ಗೆಲ್ಲುವವಳು, ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ ಬರ್ಕ್ ಎಂಬ ಹುಡುಗಿ.

ಲೆಸ್ಲಿಯ ತಂದೆತಾಯಿ ಇಬ್ಬರೂ ಲೇಖಕರು. ಮನೆಯಲ್ಲಿ ಟಿ.ವಿ. ಇಲ್ಲ, ರಾಶಿ ಪುಸ್ತಕ ಇದೆ. (ನಮ್ಮ ಕಸುಬಿನವರಿಗೆ ಇದು ಅಷ್ಟೇನೂ ಹಿತವಾದ ವಿವರವಲ್ಲ. ಆದರೆ ಕಥೆಗೆ ಬೇಕಾದದ್ದು.) ಓಟದಲ್ಲಿ ಸೋತವನೂ ಗೆದ್ದವಳೂ ಗೆಳೆಯರಾಗುತ್ತಾರೆ. ಮನೆಯ ಹಿಂದೆ ಒಣಗಿದ ಹಳ್ಳವೊಂದಿದೆ. ಅದರ ದಂಡೆಯ ಕಾಡುಸೇಬಿನ ಮರಕ್ಕೆ ಯಾರೋ ಎಂದೋ ಕಟ್ಟಿದ ಹಗ್ಗ ನೇತಾಡುತ್ತಿರುತ್ತದೆ. ಅದನ್ನು ಹಿಡಿದು ಜೋಕಾಲಿಯಂತೆ ತೂಗಿ ಆಚೆ ದಡಕ್ಕೆ ಹಾರಿದರೆ ಅಲ್ಲಿ ಅವರದೇ ಒಂದು ರಾಜ್ಯ. ಅದಕ್ಕೆ ಲೆಸ್ಲಿ ಇಟ್ಟ ಹೆಸರು ಟೆರಬಿಥಿಯ. ಅವಳು ರಾಣಿ, ಇವನು ರಾಜ. ಮನೆಯಲ್ಲಿ ಬೈಸಿಕೊಂಡು, ಶಾಲೆಯಲ್ಲಿ ಅನ್ನಿಸಿಕೊಂಡು ಬದುಕುತ್ತಿದ್ದ ಹುಡುಗನಿಗೆ ಮೊದಲ ಬಾರಿಗೆ ತಾನೂ ಒಬ್ಬ ಎನ್ನಿಸುತ್ತದೆ.

ವಸಂತದಲ್ಲಿ ಮಳೆ ಹಿಡಿಯುತ್ತದೆ. ದಿನಗಟ್ಟಲೆ ಬಿಡುವುದಿಲ್ಲ. ಒಣ ಹಳ್ಳ ತುಂಬಿ ಭೋರ್ಗರೆಯುತ್ತದೆ. ಲೆಸ್ಲಿ ಹೆದರದೆ ಹಗ್ಗ ಹಿಡಿದು ಹಾರುತ್ತಾಳೆ. ಜೆಸ್ ಹೆದರುತ್ತಾನೆ, ಆದರೆ ಹೇಳಿಕೊಳ್ಳಲಾರ. ನಾಳೆ ಹೇಗಾದರೂ ಹೇಳಿಬಿಡಬೇಕು, ಮಳೆ ನಿಲ್ಲುವವರೆಗೆ ಹೋಗುವುದು ಬೇಡ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಮಲಗುತ್ತಾನೆ. ಬೆಳಗಾದರೆ ಫೋನು. ಅವನು ಮನಸ್ಸಿನಲ್ಲೇ ಆರಾಧಿಸುವ ಸಂಗೀತದ ಟೀಚರ್ ಮಿಸ್ ಎಡ್ಮಂಡ್ಸ್, ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಗೆ ಹೋಗುತ್ತಿದ್ದೇನೆ, ಬರುತ್ತೀಯಾ ಎನ್ನುತ್ತಾರೆ. ಅರೆನಿದ್ದೆಯಲ್ಲಿರುವ ಅಮ್ಮನನ್ನು ಕೇಳಿದಂತೆ ಮಾಡಿ, ಅವಳು ಹೂಂಗುಟ್ಟಿದ್ದನ್ನೇ ಅಪ್ಪಣೆ ಎಂದುಕೊಂಡು ಹೊರಡುತ್ತಾನೆ.

ಇಲ್ಲಿ ಲೇಖಕಿ ಒಂದು ಸಣ್ಣ ಸಂಗತಿಯನ್ನು ಇಟ್ಟಿದ್ದಾರೆ. ಓದುವ ರಭಸದಲ್ಲಿ ಅದು ಕಣ್ಣು ತಪ್ಪಿಹೋಗಬಹುದು. ಕಾರು ಹೊರಟ ಮೇಲೆ, ಲೆಸ್ಲಿಯನ್ನೂ ಕರೆಯಬಹುದೇ ಎಂದು ತಾನು ಕೇಳಲೇ ಇಲ್ಲವಲ್ಲ ಎಂದು ಜೆಸ್‌ಗೆ ಹೊಳೆಯುತ್ತದೆ. ಜೊತೆಗೇ, ಕೇಳದಿದ್ದುದು ಒಳ್ಳೆಯದೇ ಆಯಿತು, ಟೀಚರ್ ಜೊತೆ ತಾನೊಬ್ಬನೇ ಇದ್ದೇನೆ ಎಂಬ ಗುಟ್ಟಾದ ಖುಷಿಯೂ ಆಗುತ್ತದೆ. ಅಷ್ಟೇ. ಕಾರು ಮುಂದೆ ಹೋಗುತ್ತದೆ. ಅವನ ಬಾಳಿನಲ್ಲೇ ಅಂಥ ಸುಂದರ ದಿನ ಬಂದಿರಲಿಲ್ಲ. ಅಧ್ಯಾಯದ ಹೆಸರೂ ಹಾಗೆಯೇ ಇದೆ: ಪರಿಪೂರ್ಣ ದಿನ. ಅದೇ ಅಧ್ಯಾಯದ ಕೊನೆಯಲ್ಲಿ ಅವನು ಮನೆ ಹೊಕ್ಕಾಗ ಎಲ್ಲರೂ ಅವನನ್ನು ದೆವ್ವ ಕಂಡಂತೆ ನೋಡುತ್ತಾರೆ. ಅವನು ಎಲ್ಲಿ ಹೋಗಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನೂ ಸತ್ತನೆಂದೇ ತಿಳಿದಿದ್ದರು. ಹಳೆಯ ಹಗ್ಗ ಹರಿದು, ಲೆಸ್ಲಿ ತಲೆಗೆ ಪೆಟ್ಟಾಗಿ ನೀರಿನಲ್ಲಿ ಹೋಗಿರುತ್ತಾಳೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಕಣ್ಣೀರಿನ ಕಥೆಯಾಗುತ್ತಿತ್ತು. ಪುಸ್ತಕದ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಮೊದಲು ಅವನು ನಂಬುವುದೇ ಇಲ್ಲ, ಮನೆ ಬಿಟ್ಟು ಓಡುತ್ತಾನೆ. ಅಪ್ಪ ಟ್ರಕ್ಕಿನಲ್ಲಿ ಹಿಂಬಾಲಿಸಿ, ಚಿಕ್ಕ ಮಗುವಿನಂತೆ ಎತ್ತಿಕೊಂಡು ಬರುತ್ತಾನೆ. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿಟ್ಟ ದೋಸೆಯಂಥ ತಿಂಡಿಯನ್ನು ಚಪ್ಪರಿಸಿ ತಿನ್ನುತ್ತಾನೆ, ಒಂದು ಹನಿ ಕಣ್ಣೀರಿಲ್ಲ. ಅಕ್ಕ ಬ್ರೆಂಡಾ ಅದನ್ನು ಎತ್ತಿ ಆಡುತ್ತಾಳೆ. ಲೆಸ್ಲಿಯ ಮನೆಗೆ ಹೋದಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತನ್ನ ವಯಸ್ಸಿನವರಲ್ಲಿ ಇಂಥ ದೊಡ್ಡ ದುಃಖ ಬಂದದ್ದು ತನಗೊಬ್ಬನಿಗೇ ಎಂದು ಒಂದು ಕ್ಷಣ ಹೆಮ್ಮೆಯೂ ಪಡುತ್ತಾನೆ. ಇನ್ನು ಮೇಲೆ ತರಗತಿಯಲ್ಲಿ ಎಲ್ಲರಿಗಿಂತ ವೇಗದ ಓಟಗಾರ ತಾನೇ ಎಂಬ ಯೋಚನೆ ನುಸುಳುತ್ತದೆ. ತನ್ನನ್ನು ಬಿಟ್ಟುಹೋದಳಲ್ಲ ಎಂದು ಅವಳ ಮೇಲೇ ಸಿಟ್ಟು ಬರುತ್ತದೆ. ಪ್ರಶ್ನೆ ಕೇಳಿದ ಪುಟ್ಟ ತಂಗಿ ಮೇ ಬೆಲ್‌ಳ ಮುಖಕ್ಕೆ ಹೊಡೆಯುತ್ತಾನೆ. ಲೆಸ್ಲಿ ಕ್ರಿಸ್‌ಮಸ್‌ಗೆ ಕೊಟ್ಟಿದ್ದ ಬಣ್ಣಗಳನ್ನು ಹೊಳೆಗೆ ಎಸೆಯುತ್ತಾನೆ.

ಇಷ್ಟು ನಿಷ್ಠುರವಾಗಿ, ಇಷ್ಟು ಪ್ರೀತಿಯಿಂದ ಒಂದು ಮಗುವಿನ ದುಃಖವನ್ನು ಬರೆದವರು ವಿರಳ. ಏಕೆಂದರೆ ದುಃಖ ಎಂದರೆ ಅಳು ಎಂದೇ ನಾವು ತಿಳಿದಿದ್ದೇವೆ. ಅಳದ ಮಗುವನ್ನು ಕಲ್ಲೆದೆಯವನು ಎನ್ನುತ್ತೇವೆ, ಇಲ್ಲವೇ ಪಾಪ, ಅದಕ್ಕೇನು ತಿಳಿಯುತ್ತದೆ ಎನ್ನುತ್ತೇವೆ. ಎರಡೂ ತಪ್ಪು. ಮಗು ದುಃಖವನ್ನು ತುಣುಕು ತುಣುಕಾಗಿ ಅನುಭವಿಸುತ್ತದೆ. ಈಗ ಬಿಕ್ಕುತ್ತದೆ, ಇನ್ನೊಂದು ಗಳಿಗೆಗೆ ಅಂಗಳದಲ್ಲಿ ಆಡುತ್ತದೆ.

ಈ ಕಥೆಯ ಬೇರು ನಿಜವಾಗಿ ನಡೆದ ಒಂದು ಘಟನೆಯಲ್ಲಿದೆ. 1974ರ ಬೇಸಿಗೆಯಲ್ಲಿ ಪ್ಯಾಟರ್ಸನ್ ಅವರ ಎಂಟು ವರ್ಷದ ಮಗ ಡೇವಿಡ್‌ನ ಅತ್ಯಂತ ಆಪ್ತ ಗೆಳತಿ ಲೀಸಾ ಎಂಬ ಹುಡುಗಿ ಕಡಲದಂಡೆಯಲ್ಲಿ ಸಿಡಿಲು ಬಡಿದು ಸತ್ತಳು. ಅವಳಿಗೂ ಎಂಟೇ ವರ್ಷ. ಅದೇ ವರ್ಷ ಕೆಲವು ತಿಂಗಳ ಹಿಂದಷ್ಟೇ ಲೇಖಕಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿತ್ತು. ಅಮ್ಮ ಎಲ್ಲಿ ಸಾಯುವಳೋ ಎಂದು ಹೆದರಿ ಚೇತರಿಸಿಕೊಳ್ಳುತ್ತಿದ್ದ ಮಗುವಿನ ಮೇಲೆ ಈ ಎರಡನೆಯ ಪೆಟ್ಟು. ಮುಂದೆ ಪದಕ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಪ್ಯಾಟರ್ಸನ್ ಮಗನ ಆಗಿನ ತರ್ಕವನ್ನು ವಿವರಿಸಿದ್ದಾರೆ. ಲೀಸಾ ಒಳ್ಳೆಯವಳು, ಆದ್ದರಿಂದ ಅವಳ ಪಾಪಕ್ಕಾಗಿ ದೇವರು ಅವಳನ್ನು ಕೊಂದಿರಲಾರ. ಹಾಗಾದರೆ ತನ್ನನ್ನು ಶಿಕ್ಷಿಸಲೆಂದೇ ಕೊಂದಿರಬೇಕು. ಇನ್ನು ಮುಂದೆ ತಾನು ಪ್ರೀತಿಸುವವರನ್ನೆಲ್ಲ ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಎಂಟು ವರ್ಷದ ಮಗು ಯಾರೂ ಹೇಳಿಕೊಡದೆ ಕಟ್ಟಿಕೊಂಡ ವಾದ ಇದು. ಅದರ ಮೊದಲ ಹೆಜ್ಜೆಯನ್ನು ಒಪ್ಪಿಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ವಿಜ್ಞಾನ ಓದಿದವರಿಗೆ ಸಿಡಿಲಿನ ವಿಷಯ ಸರಳ. ಮೋಡಕ್ಕೂ ನೆಲಕ್ಕೂ ನಡುವೆ ವಿದ್ಯುದಾವೇಶದ ಅಂತರ ಮಿತಿಮೀರಿದಾಗ ಅದು ಹರಿದು ಸಮವಾಗುತ್ತದೆ. ಮರ, ಕಂಬ ಏನೂ ಇಲ್ಲದ ಬಯಲು ದಂಡೆಯಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತುವಾಗುತ್ತಾನೆ. ಅದರಲ್ಲಿ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ಆದರೆ ಈ ವಿವರಣೆ 'ಹೇಗೆ' ಎಂಬುದಕ್ಕೆ ಉತ್ತರ. ಮಗು ಕೇಳುತ್ತಿರುವುದು 'ಏಕೆ ಅವಳೇ, ಏಕೆ ನಾನಲ್ಲ' ಎಂದು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವಿದೆ. ಮಕ್ಕಳಿಗೆ ಅವರು ಒಂದು ಪುಟ್ಟ ಕಥೆ ಹೇಳುತ್ತಿದ್ದರು. ಇಬ್ಬರು ಹುಡುಗರು ತೋಟದಲ್ಲಿ ಸೇಬು ಕದಿಯುತ್ತಾರೆ. ಪೊಲೀಸಿನವನು ಬಂದಾಗ ಒಬ್ಬ ಸಿಕ್ಕಿಬೀಳುತ್ತಾನೆ. ಇನ್ನೊಬ್ಬ ತಪ್ಪಿಸಿಕೊಂಡು ಓಡುತ್ತ, ಹೊಳೆ ದಾಟುವಾಗ ಲಡ್ಡಾದ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಈಗ ಪ್ರಶ್ನೆ: ಅವನು ಕದಿಯದೆಯೇ ಆ ಸೇತುವೆ ದಾಟಿದ್ದರೆ ಆಗಲೂ ಬೀಳುತ್ತಿದ್ದನೇ? ಆರು ವರ್ಷದ ಮಕ್ಕಳಲ್ಲಿ ಬಹುಪಾಲು, ಬೀಳುತ್ತಿರಲಿಲ್ಲ, ಕದ್ದದ್ದಕ್ಕೇ ಬಿದ್ದ ಎಂದರು. ವಯಸ್ಸು ಏರಿದಂತೆ ಹಾಗೆನ್ನುವವರು ಕಡಿಮೆಯಾದರು. ಆದರೆ ಹನ್ನೊಂದು ಹನ್ನೆರಡರ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಹಾಗೆಯೇ ನಂಬಿದ್ದರು. ತಪ್ಪು ಮಾಡಿದವರನ್ನು ಮರ, ಸೇತುವೆ, ಹೊಳೆಗಳೇ ಶಿಕ್ಷಿಸುತ್ತವೆ ಎಂಬ ನಂಬಿಕೆ ಅದು. ಹಳ್ಳ, ದಾಟುವಿಕೆ, ಲಡ್ಡು ಹಿಡಿದ ಆಸರೆ ಎಲ್ಲವೂ ಪ್ಯಾಟರ್ಸನ್ ಕಥೆಯಲ್ಲಿಯೂ ಇವೆ. ಕಾಕತಾಳೀಯವೇ ಇರಬೇಕು. ಆದರೆ ಹತ್ತು ವರ್ಷದ ಜೆಸ್ ನಿಂತಿರುವುದು ಸರಿಯಾಗಿ ಆ ನಂಬಿಕೆ ಸಡಿಲವಾಗುತ್ತಿರುವ, ಇನ್ನೂ ಬಿಟ್ಟುಹೋಗದ ವಯಸ್ಸಿನಲ್ಲಿ.

ಹಾಗಾದರೆ ದೊಡ್ಡವರು ಇದರಿಂದ ಪಾರಾಗಿದ್ದಾರೆಯೇ? ಇಲ್ಲ. ದೊಡ್ಡವರು ಬೇರೆ ದಾರಿಯಿಂದ ಅಲ್ಲಿಗೇ ಬರುತ್ತಾರೆ. ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಚೇರಿಯಿಂದ ಮನೆಗೆ ಹೊರಟವನೊಬ್ಬ ಅಪಘಾತದಲ್ಲಿ ಸತ್ತ ಕಥೆಯನ್ನು ಓದಲು ಕೊಟ್ಟರು. ಕೆಲವರ ಪ್ರತಿಯಲ್ಲಿ ಅವನು ಆ ದಿನ ಎಂದಿನ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದ್ದ. ಇನ್ನು ಕೆಲವರ ಪ್ರತಿಯಲ್ಲಿ ಎಂದಿನ ಹೊತ್ತಿಗಿಂತ ಬೇಗ ಹೊರಟಿದ್ದ. ಮನೆಯವರು 'ಛೆ, ಹೀಗಾಗದಿದ್ದರೆ' ಎಂದು ಏನನ್ನು ನೆನೆದು ಪರಿತಪಿಸುತ್ತಾರೆ ಎಂದು ಕೇಳಿದಾಗ, ಓದಿದವರು ಹೆಚ್ಚಾಗಿ ಆ ದಿನದ ವಿಶೇಷವನ್ನೇ ಹಿಡಿದುಕೊಂಡರು. ದಾರಿ ಬದಲಾಗಿದ್ದರೆ ದಾರಿಯನ್ನು, ಹೊತ್ತು ಬದಲಾಗಿದ್ದರೆ ಹೊತ್ತನ್ನು. ದಿನಾ ನಡೆಯುವುದು ನಮ್ಮ ಕಣ್ಣಿಗೆ ಕಾರಣವಾಗಿ ಕಾಣುವುದೇ ಇಲ್ಲ. ಎಂದೂ ನಡೆಯದ್ದು ಅಂದು ನಡೆಯಿತಲ್ಲ, ಅದೇ ಕಾರಣವೆನ್ನಿಸುತ್ತದೆ.

ಜೆಸ್‌ನ ದಿನವನ್ನು ಈ ಬೆಳಕಿನಲ್ಲಿ ನೋಡಿ. ಹಗ್ಗ ಹಳೆಯದು, ದಿನಗಟ್ಟಲೆ ಮಳೆಯಲ್ಲಿ ನೆನೆದದ್ದು, ಇಬ್ಬರು ಮಕ್ಕಳ ಭಾರವನ್ನು ತಿಂಗಳುಗಟ್ಟಲೆ ಹೊತ್ತದ್ದು. ಮರಕ್ಕೆ ಉಜ್ಜಿ ಉಜ್ಜಿ ಅದರ ಎಳೆಗಳು ಸವೆದಿರಬೇಕು. ಅಂದು ಅಲ್ಲದಿದ್ದರೆ ಇನ್ನೊಂದು ದಿನ, ಲೆಸ್ಲಿ ಅಲ್ಲದಿದ್ದರೆ ಜೆಸ್. ಕಾರಣ ಹಗ್ಗದಲ್ಲಿತ್ತು. ಆದರೆ ಹಗ್ಗ ನಿತ್ಯದ್ದು, ವಾಷಿಂಗ್ಟನ್ ಪ್ರವಾಸ ಅಂದಿನದು. ಮನಸ್ಸು ಹೋಗಿ ಹಿಡಿಯುವುದು ಪ್ರವಾಸವನ್ನೇ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಬರೂಕ್ ಫಿಷ್‌ಹಾಫ್ ಎಂಬುವರು 1975ರಲ್ಲಿ, 1814ರ ಬ್ರಿಟಿಷ್–ಗೂರ್ಖಾ ಯುದ್ಧದ ವಿವರವನ್ನು ಓದಲು ಕೊಟ್ಟು ಒಂದು ಪರೀಕ್ಷೆ ಮಾಡಿದರು. ಕೆಲವರಿಗೆ ಫಲಿತಾಂಶ ಇದು ಎಂದು ಹೇಳಿದ್ದರು, ಕೆಲವರಿಗೆ ಹೇಳಿರಲಿಲ್ಲ. ಫಲಿತಾಂಶ ಕೇಳಿದವರಿಗೆಲ್ಲ ಅದು ಹಾಗೆಯೇ ಆಗಬೇಕಿತ್ತು, ಮೊದಲೇ ಗೊತ್ತಾಗುವಂತಿತ್ತು ಎನ್ನಿಸಿತು. ಆದದ್ದನ್ನು ತಿಳಿದ ಮೇಲೆ, ತಿಳಿಯದೆ ಇದ್ದಾಗಿನ ನಮ್ಮ ಮನಸ್ಸಿಗೆ ಹಿಂದಿರುಗುವುದು ನಮಗೆ ಬಾರದು. ಹಳ್ಳ ತುಂಬಿತ್ತು, ನನಗೆ ಭಯವಾಗಿತ್ತು, ಅಂದರೆ ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ. ಜೆಸ್‌ನಂಥ ಹುಡುಗ ತನ್ನ ಮೇಲೆ ಹೊರಿಸಿಕೊಳ್ಳುವ ದೋಷಾರೋಪ ಹೀಗೆ ತಯಾರಾಗುತ್ತದೆ. ಭಯಪಡುವುದು ಬೇರೆ, ಗೊತ್ತಿರುವುದು ಬೇರೆ ಎಂಬುದು ಆಗ ಹೊಳೆಯುವುದಿಲ್ಲ.

ಸತ್ತವರ ಎದುರು ಬದುಕಿರುವುದೇ ಅಪರಾಧ ಎನ್ನಿಸುವ ಈ ಭಾವಕ್ಕೆ ವೈದ್ಯರು ಹೆಸರಿಟ್ಟದ್ದು ಎರಡನೆಯ ಮಹಾಯುದ್ಧದ ನಂತರ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್, ನಾಜಿ ಶಿಬಿರಗಳಿಂದ ಪಾರಾಗಿ ಬಂದವರನ್ನು ಪರೀಕ್ಷಿಸಿ 1960ರ ದಶಕದಲ್ಲಿ ಇದನ್ನು ವಿವರಿಸಿದರು. ಅದೇ ದಶಕದಲ್ಲಿ ರಾಬರ್ಟ್ ಲಿಫ್ಟನ್ ಹಿರೋಷಿಮಾದಲ್ಲಿ ಅಣುಬಾಂಬಿನಿಂದ ಉಳಿದವರನ್ನು ಮಾತನಾಡಿಸಿ ಇದೇ ಭಾವವನ್ನು ಕಂಡರು. ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯ 1980ರ ಆವೃತ್ತಿ, ಆಘಾತದ ನಂತರದ ಕಾಯಿಲೆಯ ಲಕ್ಷಣಗಳಲ್ಲಿ ಇದನ್ನೂ ಒಂದಾಗಿ ಸೇರಿಸಿತು. 1987ರ ಪರಿಷ್ಕೃತ ಆವೃತ್ತಿಯಲ್ಲಿ ಇದನ್ನು ಮುಖ್ಯ ಪಟ್ಟಿಯಿಂದ ತೆಗೆದು, ಜೊತೆಯಲ್ಲಿ ಕಾಣಿಸಿಕೊಳ್ಳಬಹುದಾದ ಸಂಗತಿ ಎಂದು ಇರಿಸಿದರು. ಅಪರಾಧಿಭಾವ ಇದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಹೆಚ್ಚು ಪ್ರೀತಿಸಿದವರಲ್ಲಿಯೇ ಅದು ಹೆಚ್ಚಾಗಿ ಇರುವುದನ್ನು ನಾವೆಲ್ಲ ಕಂಡಿದ್ದೇವೆ.

ಮನಸ್ಸು ಈ ಹೊರೆಯನ್ನು ಯಾಕೆ ಇಳಿಸುವುದಿಲ್ಲ? ನನಗೆ ಒಪ್ಪಿಗೆಯಾಗುವ ವಿವರಣೆ ಇದು. ನನ್ನದೇ ತಪ್ಪು ಎಂದರೆ, ಜಗತ್ತು ನನ್ನ ಕೈಯಲ್ಲಿತ್ತು, ನಾನು ಸರಿಯಾಗಿ ನಡೆದುಕೊಂಡಿದ್ದರೆ ಉಳಿಸಬಹುದಿತ್ತು ಎಂದಾಗುತ್ತದೆ. ಯಾರ ತಪ್ಪೂ ಅಲ್ಲ ಎಂದರೆ, ನಾಳೆಯೂ ಯಾವ ಹಗ್ಗವಾದರೂ ಹರಿಯಬಹುದು, ಯಾರೂ ತಡೆಯಲಾರರು ಎಂದಾಗುತ್ತದೆ. ಎರಡರಲ್ಲಿ ಮೊದಲನೆಯದೇ ತಡೆದುಕೊಳ್ಳಲು ಸುಲಭ. ಆದ್ದರಿಂದಲೇ 'ನಿನ್ನ ತಪ್ಪಲ್ಲ' ಎಂದು ಹೇಳಿದ ಮಾತ್ರಕ್ಕೆ ಮಗು ಹಗುರಾಗುವುದಿಲ್ಲ. ನಾವು ಅದರ ಕೈಯಿಂದ ಒಂದು ಆಸರೆಯನ್ನು ಕಿತ್ತುಕೊಳ್ಳುತ್ತಿರುತ್ತೇವೆ, ಬದಲಿಗೆ ಏನನ್ನೂ ಕೊಟ್ಟಿರುವುದಿಲ್ಲ.

ನಮ್ಮ ಮನೆಗಳ ಮಾತೂ ಇಲ್ಲಿ ನೆನಪಾಗುತ್ತದೆ. ಹೆರಿಗೆಯಲ್ಲಿ ತಾಯಿ ಸತ್ತರೆ, ಹುಟ್ಟುತ್ತಲೇ ತಾಯಿಯನ್ನು ನುಂಗಿದ ಮಗು ಎನ್ನುವವರು ಇದ್ದಾರೆ. ಮದುವೆಯಾದ ವರ್ಷವೇ ಮಾವ ತೀರಿಕೊಂಡರೆ ಸೊಸೆಯ ಕಾಲ್ಗುಣ. ಅಂದವರು ಮರುದಿನ ಮರೆತಿರುತ್ತಾರೆ, ಕೇಳಿಸಿಕೊಂಡ ಮಗು ಮರೆಯುವುದಿಲ್ಲ. ಎಂಟು ವರ್ಷದ ಡೇವಿಡ್ ಕಷ್ಟಪಟ್ಟು ಕಟ್ಟಿಕೊಂಡ ವಾದವನ್ನು ನಾವು ಸಿದ್ಧಮಾಡಿ ಕೈಗಿಡುತ್ತೇವೆ. 'ಆಯಸ್ಸು ಅಷ್ಟೇ ಇತ್ತು', 'ಋಣ ತೀರಿತು' ಎಂಬ ಮಾತುಗಳು ಇದಕ್ಕಿಂತ ಎಷ್ಟೋ ದಯೆಯುಳ್ಳವು. ಅವು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಬೇಗ ಆಡಿದರೆ ಅವೂ ಬಾಯಿ ಮುಚ್ಚಿಸುತ್ತವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಮಡಿದವರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. ದುಃಖವೂ ಕೂತು ಕೇಳಿ ಬರೆದುಕೊಳ್ಳಬೇಕಾದ ವಿಷಯ ಎಂದು ನಮ್ಮಲ್ಲೂ ತಿಳಿದವರು ತಿಳಿದಿದ್ದಾರೆ.

ಕಾದಂಬರಿಯ ದೊಡ್ಡವರು ಏನು ಮಾಡುತ್ತಾರೆ? ಅಚ್ಚರಿಯೆಂದರೆ ಯಾರೂ ಉಪದೇಶ ಮಾಡುವುದಿಲ್ಲ. ಬಣ್ಣಗಳನ್ನು ಹೊಳೆಗೆ ಎಸೆದ ಮಗನನ್ನು, ಎಂದೂ ಮುದ್ದು ಮಾಡದ ಅಪ್ಪ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಲೆಸ್ಲಿ ನರಕಕ್ಕೆ ಹೋಗುತ್ತಾಳೆಯೇ ಎಂದು ಜೆಸ್ ಕೇಳುತ್ತಾನೆ. ಬೈಬಲನ್ನು ನಂಬದವರು ನರಕಕ್ಕೆ ಹೋಗುತ್ತಾರೆಂದು ಈಸ್ಟರ್ ದಿನ ಪುಟ್ಟ ಮೇ ಬೆಲ್ ಹೇಳಿದ್ದು ಅವನ ತಲೆಯಲ್ಲಿ ಕೊರೆಯುತ್ತಿರುತ್ತದೆ. ದೇವರು ಪುಟ್ಟ ಹುಡುಗಿಯರನ್ನೆಲ್ಲ ನರಕಕ್ಕೆ ಕಳಿಸುವವನಲ್ಲ ಎಂದು ಅಪ್ಪ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ. ಆ ಒಂದು ಮಾತು ಸಾಕಾಗುತ್ತದೆ, ಏಕೆಂದರೆ ಅದು ಕೇಳಿದ ಪ್ರಶ್ನೆಗೇ ಕೊಟ್ಟ ಉತ್ತರ. ಇನ್ನೊಬ್ಬರು ತರಗತಿಯ ಟೀಚರ್ ಮಿಸೆಸ್ ಮೈಯರ್ಸ್. ಮಕ್ಕಳು ಹಿಂದಿನಿಂದ ಅಡ್ಡಹೆಸರಿಟ್ಟು ನಗುವ ಗಡಸು ಹೆಂಗಸು. ಅವರು ಜೆಸ್‌ನನ್ನು ಹೊರಗೆ ಕರೆದು, ತನ್ನ ಗಂಡ ಸತ್ತಾಗ ಎಲ್ಲರೂ ಅಳಬೇಡ, ಮರೆತುಬಿಡು ಎಂದೇ ಹೇಳುತ್ತಿದ್ದರು, ತನಗೆ ಮರೆಯುವ ಮನಸ್ಸಿರಲಿಲ್ಲ ಎನ್ನುತ್ತಾರೆ. ಮರೆಯಬೇಕಾಗಿಲ್ಲ ಎಂಬ ಅಪ್ಪಣೆಯನ್ನು ಹುಡುಗನಿಗೆ ಕೊಟ್ಟವರು ಅವರೊಬ್ಬರೇ.

ಇಷ್ಟಾದರೂ, ಕಾರಿನಲ್ಲಿ ಮೂಡಿದ ಆ ಗುಟ್ಟಿನ ಖುಷಿಯನ್ನು ಜೆಸ್ ಕಾದಂಬರಿಯಲ್ಲಿ ಯಾರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಓದುಗರಿಗೂ ಅವನಿಗೂ ಮಾತ್ರ ಗೊತ್ತು. ದೃಶ್ಯ ಮಾಧ್ಯಮದಲ್ಲಿ ದುಡಿಯುವ ನನಗೆ ಪುಸ್ತಕದ ಈ ಸೌಲಭ್ಯ ಕಂಡರೆ ಹೊಟ್ಟೆಕಿಚ್ಚು. ಕ್ಯಾಮೆರಾ ಮುಖವನ್ನು ತೋರಿಸಬಲ್ಲದು, ಮುಖ ಮುಚ್ಚಿಟ್ಟದ್ದನ್ನು ತೋರಿಸುವುದು ಕಷ್ಟ. 2007ರಲ್ಲಿ ಈ ಕಥೆ ಚಲನಚಿತ್ರವಾಗಿ ಬಂದಾಗ ಚಿತ್ರಕಥೆ ಬರೆದವರಲ್ಲಿ ಒಬ್ಬರು ಅದೇ ಡೇವಿಡ್ ಪ್ಯಾಟರ್ಸನ್, ಗೆಳತಿಯನ್ನು ಕಳೆದುಕೊಂಡಿದ್ದ ಹುಡುಗ. ಚಿತ್ರದಲ್ಲಿ ಜೆಸ್ ಅಪ್ಪನ ಎದೆಗೊರಗಿ, ಅವಳನ್ನು ಕರೆಯಲಿಲ್ಲ, ಕರೆಯುವ ಮನಸ್ಸೇ ಇರಲಿಲ್ಲ, ಎಲ್ಲ ತನ್ನದೇ ತಪ್ಪು ಎಂದು ಅತ್ತು ಹೇಳಿಬಿಡುತ್ತಾನೆ. ಪರದೆಗೆ ಅದು ಬೇಕಿತ್ತು. ಪ್ರೇಕ್ಷಕರು ಕಣ್ಣೊರೆಸಿಕೊಳ್ಳುವ ಜಾಗ ಅದು. ನನ್ನ ಮಟ್ಟಿಗೆ ಪುಸ್ತಕದ ಮೌನವೇ ಹೆಚ್ಚು ನಿಜ. ಮಕ್ಕಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಪಕ್ಕದಲ್ಲಿರುವ ನಮಗೆ ತಿಳಿಯುವುದಿಲ್ಲ. ಚಿತ್ರದ ಪ್ರಚಾರದಲ್ಲಿ ಮಾಯಾಲೋಕದ ದೃಶ್ಯಗಳನ್ನೇ ಮುಂದೆ ಮಾಡಿದ್ದರಿಂದ, ಸಾಹಸದ ಚಿತ್ರವೆಂದು ಮಕ್ಕಳನ್ನು ಕರೆದುಕೊಂಡು ಹೋದ ಎಷ್ಟೋ ತಂದೆತಾಯಿಗಳು ತಬ್ಬಿಬ್ಬಾದರು ಎಂಬುದು ಬೇರೆ ಮಾತು.

ಇನ್ನು ಮೊದಲು ಎತ್ತಿದ ಆಕ್ಷೇಪಣೆ. ಅಮೆರಿಕದಲ್ಲೂ ಈ ಪುಸ್ತಕವನ್ನು ಶಾಲೆ, ಗ್ರಂಥಾಲಯಗಳಿಂದ ತೆಗೆಯಬೇಕೆಂದು ಕೇಳಿದವರು ಬಹಳ. 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕಗಳೆಂದು ಅಲ್ಲಿನ ಗ್ರಂಥಾಲಯ ಸಂಘ ಮಾಡಿದ ಪಟ್ಟಿಯ ಮೊದಲ ಹತ್ತರಲ್ಲಿ ಇದೂ ಇದೆ. ಒರಟು ಮಾತು, ದೇವರ ಬಗೆಗಿನ ಪ್ರಶ್ನೆ, ಮಗುವಿನ ಸಾವು ಎಲ್ಲವೂ ದೂರುಗಳಾದವು. ಸ್ವತಃ ಲೇಖಕಿಗೇ ಸಾವಿನ ಅಧ್ಯಾಯ ಬರೆಯುವ ಧೈರ್ಯ ಬಂದಿರಲಿಲ್ಲ. ಅಲ್ಲಿಯವರೆಗೆ ಬಂದು ಬರವಣಿಗೆ ನಿಂತುಬಿಟ್ಟಿತ್ತು. ನೀನು ಎದುರಿಸಲಾರದೆ ಇರುವುದು ಆ ಹುಡುಗಿಯ ಸಾವನ್ನಲ್ಲ, ನಿನ್ನ ಸಾವನ್ನು ಎಂದು ಗೆಳತಿಯೊಬ್ಬರು ಹೇಳಿದ ಮೇಲೆ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೆದರಂತೆ. ಪುಸ್ತಕವನ್ನು ಅವರು ಮಗನಿಗೆ ಅರ್ಪಿಸಿದ್ದರು. ಓದಿದ ಮಗ, ಲೀಸಾಳ ಹೆಸರನ್ನೂ ಸೇರಿಸಬೇಕೆಂದು ಕೇಳಿದ. ಎರಡೂ ಹೆಸರುಗಳು ಈಗ ಅರ್ಪಣೆಯ ಪುಟದಲ್ಲಿವೆ.

ಕೊನೆಯ ಅಧ್ಯಾಯದಲ್ಲಿ ಜೆಸ್ ಹೂವುಗಳ ಚಕ್ರ ಮಾಡಿ ಟೆರಬಿಥಿಯಕ್ಕೆ ಹೋಗುತ್ತಾನೆ. ಹಿಂದೆಯೇ ಬಂದ ಮೇ ಬೆಲ್ ಹಳ್ಳದ ಮೇಲೆ ಅಡ್ಡ ಬಿದ್ದಿದ್ದ ಮರದ ನಡುವೆ ಸಿಕ್ಕಿಕೊಂಡು ಕಿರುಚುತ್ತಾಳೆ. ಈ ಸಲ ಅವನು ಅಲ್ಲೇ ಇದ್ದಾನೆ. ಹೋಗಿ ಅವಳನ್ನು ಕರೆತರುತ್ತಾನೆ. ನಾನು ಹೆದರಿದೆ, ನೀನು ಹೆದರಲಿಲ್ಲ ಅಲ್ಲವೇ ಎಂಬ ಅರ್ಥದಲ್ಲಿ ಅವಳು ಕೇಳಿದಾಗ, ತನಗೂ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತಾನೆ. ಲೆಸ್ಲಿಗೆ ಹೇಳಲಾಗದೆ ಹೋದ ಮಾತದು. ಮನೆ ಬಿಟ್ಟು ಹೊರಟ ಲೆಸ್ಲಿಯ ಅಪ್ಪ, ಇಲ್ಲಿರುವುದರಲ್ಲಿ ಏನು ಬೇಕಾದರೂ ತೆಗೆದುಕೋ ಎಂದಾಗ, ಹಿಂದಿನ ಜಗಲಿಯಲ್ಲಿ ಬಿದ್ದಿದ್ದ ಹಲಗೆಗಳನ್ನು ಕೇಳಿ ಪಡೆದು ಹಳ್ಳಕ್ಕೆ ಸೇತುವೆ ಹಾಕುತ್ತಾನೆ. ಆಮೇಲೆ ತಂಗಿಯ ಮುಡಿಗೆ ಹೂವಿಟ್ಟು ಅದರ ಮೇಲೆ ನಡೆಸಿಕೊಂಡು ಹೋಗುತ್ತಾನೆ.

ಪುಸ್ತಕವನ್ನು ಹತ್ತು ಹನ್ನೊಂದರ ಮೇಲಿನ ಮಕ್ಕಳು ಓದಬಹುದು. ಇಂಗ್ಲಿಷ್ ಸರಳವಾಗಿದೆ, ಹಳ್ಳಿಯ ಆಡುನುಡಿ ಮಾತ್ರ ಮೊದಲಲ್ಲಿ ಸ್ವಲ್ಪ ತೊಡರುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರೆ ದೊಡ್ಡವರು ಮೊದಲು ತಾವು ಓದಿ, ಆಮೇಲೆ ಮಗುವಿನ ಕೈಗೆ ಕೊಡುವುದು ಒಳ್ಳೆಯದು. ಹತ್ತನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಹತ್ತಿರದಲ್ಲಿರಿ. ಮಗು ಏನೂ ಹೇಳದೆ ಪುಟ ತಿರುಗಿಸಿದರೆ ತಿರುಗಿಸಲಿ. ಪ್ರಶ್ನೆ ಒಂದು ವಾರ ಬಿಟ್ಟು, ಊಟದ ಹೊತ್ತಿನಲ್ಲಿ, ಏನೂ ಸಂಬಂಧವಿಲ್ಲದಂತೆ ಬರಬಹುದು.